ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೊಡುವುದು ಸರ್ಕಾರಿ ಸಮಿತಿ, ಹಾಗಾದರೆ ವೈಜ್ಞಾನಿಕ ಸಂಘದ ಕೆಲಸವೇನು?

ಎಂ.ಫಾರ್ಮ್ ಓದುತ್ತಿರುವ ನೀವು ಕೇಳಿರುವುದು ಇಷ್ಟು: ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಅನುಮತಿ ಕೊಡಲು ಸಮಿತಿ ಇದೆ, ತಪ್ಪಿದವರನ್ನು ಹಿಡಿಯಲು ಕಾನೂನು ಇದೆ. ಅಂದಮೇಲೆ ಪ್ರಯೋಗಪ್ರಾಣಿ ವಿಜ್ಞಾನಕ್ಕೆಂದೇ ರಾಷ್ಟ್ರಮಟ್ಟದ ಸಂಘವೊಂದು ಯಾಕೆ ಬೇಕು? ಸಮ್ಮೇಳನ ನಡೆಸಿ ಸರ್ಟಿಫಿಕೇಟ್ ಹಂಚುವುದರಾಚೆ ಅದು ಏನು ಮಾಡುತ್ತದೆ?

ಸಂಘ ಏನು ಮಾಡಲಾರದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಅನುಮತಿಯ ದಾರಿ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಿಂದ ಶುರುವಾಗುತ್ತದೆ. ಅದರಡಿ ಕೇಂದ್ರ ಸರ್ಕಾರ ರಚಿಸಿದ ಸಮಿತಿಗೆ ಬಹುಕಾಲ ಸಿಪಿಸಿಎಸ್‌ಇಎ ಎಂಬ ಹೆಸರಿತ್ತು, ಈಗ ಸಿಸಿಎಸ್‌ಇಎ. ನಿಮ್ಮ ಕಾಲೇಜು ಅಲ್ಲಿ ನೋಂದಣಿಯಾಗಿರಬೇಕು. ನೀವು ಫಾರ್ಮ್ ಬಿ ಎಂಬ ಅರ್ಜಿ ತುಂಬಿ ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಮುಂದಿಡಬೇಕು. ಆ ಸಮಿತಿಯಲ್ಲಿ ಸಿಸಿಎಸ್‌ಇಎ ನೇಮಿಸಿದವರೂ ಕೂತಿರುತ್ತಾರೆ. ಯಾವ ವೈಜ್ಞಾನಿಕ ಸಂಘವೂ ಈ ಅನುಮತಿ ಕೊಡುವಂತಿಲ್ಲ, ರದ್ದು ಮಾಡುವಂತಿಲ್ಲ, ದಂಡ ಹಾಕುವಂತಿಲ್ಲ.

ಆದರೆ ಕಾಯ್ದೆ ಹೇಳುವುದು ಮುಖ್ಯವಾಗಿ ಅನಗತ್ಯ ನೋವು ಕೊಡಬೇಡಿ ಎಂಬುದನ್ನು. ಪಂಜರ ಎಷ್ಟು ಅಗಲ ಇರಬೇಕು, ಒಂದು ಇಲಿಯಿಂದ ಎಷ್ಟು ರಕ್ತ ತೆಗೆಯಬಹುದು, ಪಂಜರ ತೊಳೆಯುವವರಿಗೆ ಏನೇನು ಗೊತ್ತಿರಬೇಕು ಎಂಬುದೆಲ್ಲ ಕಾಯ್ದೆಯ ಪುಟಗಳಲ್ಲಿ ಸಿಗುವುದಿಲ್ಲ. ಆ ತಿಳಿವಳಿಕೆ ಬೆಳೆಯುವುದು ಬಹುಪಾಲು ಸಂಘಗಳೊಳಗೆ.

ಇದಕ್ಕೆ ಅಮೆರಿಕದ ಉದಾಹರಣೆ ಚೆನ್ನಾಗಿದೆ. 1950ರಲ್ಲಿ ಷಿಕಾಗೊದ ಸುತ್ತಮುತ್ತ ಪ್ರಯೋಗಾಲಯಗಳ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ ಪಶುವೈದ್ಯರು ಸೇರಿ ‘ಅನಿಮಲ್ ಕೇರ್ ಪ್ಯಾನೆಲ್’ ಕಟ್ಟಿದರು. 1967ರಿಂದ ಅದೇ ‘ಅಮೆರಿಕನ್ ಅಸೋಸಿಯೇಷನ್ ಫಾರ್ ಲ್ಯಾಬೊರೇಟರಿ ಅನಿಮಲ್ ಸೈನ್ಸ್’. ಪ್ರಯೋಗಪ್ರಾಣಿಗಳ ಪಾಲನೆಗೆ ಮೊದಲ ಮಾರ್ಗಸೂಚಿ ಬರೆದದ್ದು ಈ ಪ್ಯಾನೆಲ್ಲಿನ ಉಪಸಮಿತಿಯೇ, 1963ರಲ್ಲಿ. ಸಂಸ್ಥೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಪ್ರತ್ಯೇಕ ಸಂಸ್ಥೆ 1965ರಲ್ಲಿ ಇದರಿಂದಲೇ ಹುಟ್ಟಿತು. ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆ ಬಂದದ್ದು ಆಮೇಲೆ, 1966ರಲ್ಲಿ. ಇಂದಿಗೂ ಆ ಕಾಯ್ದೆ ಪ್ರಯೋಗಕ್ಕೆಂದೇ ಸಾಕಿದ ಇಲಿಗಳನ್ನು ಒಳಗೊಳ್ಳುವುದಿಲ್ಲ. 2002ರ ತಿದ್ದುಪಡಿ ಅವನ್ನು ಸ್ಪಷ್ಟವಾಗಿಯೇ ಹೊರಗಿಟ್ಟಿದೆ. ಪ್ರಯೋಗಾಲಯಗಳಲ್ಲಿ ಇರುವುದೇ ಹೆಚ್ಚಾಗಿ ಇಲಿಗಳು ಎಂಬುದನ್ನು ನೆನಪಿಡಿ. ಕಾಯ್ದೆ ಕೈಬಿಟ್ಟ ಆ ಇಲಿಯನ್ನು ಕಾಯುತ್ತಿರುವುದು ಸಂಘದ ಮಾರ್ಗಸೂಚಿಯಿಂದ ಬೆಳೆದ ‘ಗೈಡ್’ ಎಂಬ ಕೈಪಿಡಿ. ಸರ್ಕಾರದ ಆರೋಗ್ಯ ಸಂಶೋಧನಾ ಅನುದಾನ ಬೇಕೆಂದರೆ ಅದನ್ನು ಪಾಲಿಸಲೇಬೇಕು. ಈಗ ಬಳಕೆಯಲ್ಲಿರುವುದು 2011ರ 8ನೇ ಆವೃತ್ತಿ.

ಅದರಲ್ಲಿನ ಅಂಕಿಗಳನ್ನು ನೋಡಿ. 25 ಗ್ರಾಂ ಮೀರಿದ ಒಂದು ಚಿಕ್ಕ ಇಲಿಗೆ, ಅಂದರೆ ಮೌಸ್‌ಗೆ, ಕನಿಷ್ಠ 96.7 ಚದರ ಸೆಂ.ಮೀ. ನೆಲ, 12.7 ಸೆಂ.ಮೀ. ಎತ್ತರ. ಕೋಣೆಯ ಉಷ್ಣಾಂಶ 20ರಿಂದ 26 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 30ರಿಂದ 70. ಇವನ್ನು ಗೋಡೆಗೆ ಅಂಟಿಸಿದರೆ ಮುಗಿಯಿತು ಎಂದುಕೊಳ್ಳುವವರು ಬಹಳ. ನಿಜಕ್ಕೂ ಮೌಸ್‌ಗೆ ಹಿತವೆನಿಸುವುದು 30 ಡಿಗ್ರಿಯ ಆಸುಪಾಸು. ಮೈಮೇಲೆ ಗೌನು ಹಾಕಿಕೊಂಡು ದುಡಿಯುವ ಮನುಷ್ಯರಿಗೆ 22 ಡಿಗ್ರಿ ಹಿತ, ಇಲಿಗೆ ಅದು ಚಳಿ. ಮೈ ಬೆಚ್ಚಗಿಡಲು ಅದು ಹೆಚ್ಚು ತಿನ್ನುತ್ತದೆ, ಚಯಾಪಚಯ ಬದಲಾಗುತ್ತದೆ. ನೀವು ಮಧುಮೇಹದ ಔಷಧಿ ಪರೀಕ್ಷಿಸುತ್ತಿದ್ದರೆ ಫಲಿತಾಂಶವೂ ವಾಲುತ್ತದೆ. ಪರಿಹಾರ ಸುಲಭ: ಪಂಜರಕ್ಕೆ 6ರಿಂದ 10 ಗ್ರಾಂ ಕಾಗದದ ಎಳೆ ಹಾಕಿದರೆ ಇಲಿ ತಾನೇ ಗುಮ್ಮಟದಂಥ ಗೂಡು ಕಟ್ಟಿಕೊಳ್ಳುತ್ತದೆ. ಒಂದೆರಡು ಗ್ರಾಂ ಹಾಕಿದರೆ ತಟ್ಟೆಯಾಕಾರದ ಹಾಸು ಆಗುತ್ತದೆಯೇ ಹೊರತು ಮೇಲೆ ಮುಚ್ಚಿಕೊಳ್ಳುವುದಿಲ್ಲ. ಪಂಜರ ಬದಲಿಸುವಾಗ ಹಳೆಯ ಗೂಡನ್ನು ಹೊಸದಕ್ಕೆ ವರ್ಗಾಯಿಸಬೇಕು, ಗಂಡು ಇಲಿಗಳ ಜಗಳ ಕಡಿಮೆಯಾಗುತ್ತದೆ. ಪಂಜರದ ನೆಲಕ್ಕೆ ಹಾಸಿದ, ಮೂತ್ರ ಹಿಡಿದ ಹೊಟ್ಟನ್ನು ಮಾತ್ರ ವರ್ಗಾಯಿಸಬೇಡಿ, ಜಗಳ ಹೆಚ್ಚುತ್ತದೆ.

ಇಂಥ ಸಂಗತಿಗಳನ್ನು ಕ್ಯಾನ್ಸರ್ ಅಥವಾ ನರವಿಜ್ಞಾನದ ದೊಡ್ಡ ಪತ್ರಿಕೆಗಳು ಪ್ರಕಟಿಸುವುದು ಅಪರೂಪ. ಸಂಘದ ಪತ್ರಿಕೆ ಪ್ರಕಟಿಸುತ್ತದೆ, ಅದರ ಬೆಲೆ ಇರುವುದೇ ಅಲ್ಲಿ. ರೋಗ ತಪಾಸಣೆಯ ವಿಷಯವನ್ನೇ ತೆಗೆದುಕೊಳ್ಳಿ. ಕೋಣೆಯ ಪಂಜರಗಳಿಂದ ಬಳಸಿದ ಹೊಟ್ಟನ್ನು ಚಮಚ ಚಮಚ ತೆಗೆದು, ಸೋಂಕು ಪತ್ತೆಗೆಂದೇ ಇಟ್ಟ ಕಾವಲು ಇಲಿಗಳ ಪಂಜರಕ್ಕೆ ಹಾಕುವುದು, ಕೆಲವು ವಾರಗಳ ನಂತರ ಆ ಇಲಿಗಳನ್ನು ಪರೀಕ್ಷಿಸುವುದು ಬಹುಕಾಲದ ಪದ್ಧತಿ. ಮಲದ ಮೂಲಕ ಹರಡುವ ಸೋಂಕಾದರೆ ಸಿಕ್ಕಿಬೀಳುತ್ತದೆ. ಸೆಂಡೈ ವೈರಸ್‌ನಂತೆ ಉಸಿರಿನ ಮೂಲಕ ಹರಡುವುದು, ಕೂದಲ ನುಸಿಯಂತೆ ಮೈಗೆ ಮೈ ತಾಗಿ ಹರಡುವುದು ಹೊಟ್ಟಿನ ಮೂಲಕ ಸರಿಯಾಗಿ ದಾಟುವುದಿಲ್ಲ. ಕಾವಲು ಇಲಿ ಆರೋಗ್ಯವಾಗಿದೆ ಎಂಬ ವರದಿ ಬರುತ್ತದೆ, ಕೋಣೆಯಲ್ಲಿ ಸೋಂಕು ಮುಂದುವರಿಯುತ್ತದೆ. ಪಂಜರದ ರ್‍ಯಾಕಿನಿಂದ ಹೊರಹೋಗುವ ಗಾಳಿಯ ದಾರಿಯಲ್ಲಿ ಫಿಲ್ಟರ್ ಇಟ್ಟು, ಅದರಲ್ಲಿ ಕೂತ ಧೂಳನ್ನು ಪಿಸಿಆರ್ ಮಾಡಿದರೆ ಇವುಗಳಲ್ಲಿ ಹಲವು ಪತ್ತೆಯಾಗುತ್ತವೆ, ಕಾವಲಿಗೆಂದು ಬಲಿಯಾಗುವ ಇಲಿಗಳೂ ಉಳಿಯುತ್ತವೆ. ಆದರೆ ಫಿಲ್ಟರ್ ಇಡುವ ಜಾಗ ರ್‍ಯಾಕಿನಿಂದ ರ್‍ಯಾಕಿಗೆ ಬೇರೆ. ಪ್ರತಿ ಪಂಜರಕ್ಕೂ ತನ್ನದೇ ಫಿಲ್ಟರ್ ಇರುವ ರ್‍ಯಾಕುಗಳಲ್ಲಿ ಧೂಳು ಅಲ್ಲೇ ನಿಂತುಬಿಡುವುದರಿಂದ ಈ ವಿಧಾನ ಕೆಲಸ ಮಾಡುವುದಿಲ್ಲ.

ಸಂಘಗಳು ತಾವೇ ಹೇಳಿದ ಅಂಕಿಯನ್ನು ಬದಲಿಸುವುದೂ ಉಂಟು, ಬದಲಿಸಬೇಕು ಕೂಡ. ಇಂಗಾಲದ ಡೈಆಕ್ಸೈಡ್ ಬಳಸಿ ಇಲಿಗಳಿಗೆ ದಯಾಮರಣ ಕೊಡುವಾಗ ನಿಮಿಷಕ್ಕೆ ಪೆಟ್ಟಿಗೆಯ ಗಾತ್ರದ ಶೇ 10ರಿಂದ 30ರಷ್ಟು ಅನಿಲ ಬಿಡಬೇಕೆಂದು ಅಮೆರಿಕದ ಪಶುವೈದ್ಯರ ಸಂಘ 2013ರಲ್ಲಿ ಹೇಳಿತ್ತು. 2020ರಲ್ಲಿ ಅದನ್ನು ಶೇ 30ರಿಂದ 70 ಮಾಡಿತು. ತೀರ ನಿಧಾನವಾದರೆ ಪ್ರಜ್ಞೆ ಇದ್ದಂತೆಯೇ ಉಸಿರುಗಟ್ಟುವ ಹೊತ್ತು ಹೆಚ್ಚುತ್ತದೆ, ಒಮ್ಮೆಲೇ ತುಂಬಿದರೆ ಮೂಗಿನ ಒಳಪದರ ಉರಿಯುತ್ತದೆ. 10 ಲೀಟರಿನ ಪೆಟ್ಟಿಗೆಗೆ ನಿಮಿಷಕ್ಕೆ 3ರಿಂದ 7 ಲೀಟರ್. ಇದಕ್ಕೆ ಅನಿಲದ ಹರಿವು ಅಳೆಯುವ ಫ್ಲೋಮೀಟರ್ ಬೇಕೇ ಬೇಕು. ಸಿಲಿಂಡರಿನ ಒತ್ತಡದ ಮುಳ್ಳು ನೋಡಿ ಅಂದಾಜಿಸಲಾಗದು.

ಇನ್ನು ತರಬೇತಿ. ಅಮೆರಿಕದ ಸಂಘ ತಂತ್ರಜ್ಞರಿಗೆ ಮೂರು ಹಂತದ ಪರೀಕ್ಷೆ ನಡೆಸುತ್ತದೆ, ಮೊದಲ ಹಂತ ದಿನನಿತ್ಯ ಪಂಜರ ನೋಡಿಕೊಳ್ಳುವವರಿಗೆ. ನನ್ನ ಮಟ್ಟಿಗೆ ಸಂಘವೊಂದರ ಅತಿ ಮುಖ್ಯ ಕೆಲಸ ಇದೇ. ಪ್ರಾಣಿಯನ್ನು ದಿನಾ ನೋಡುವವರು ಅಟೆಂಡರ್, ಸಂಶೋಧಕರಲ್ಲ. ಬೆನ್ನು ಗೂನಿಸಿ, ಕೂದಲು ನಿಮಿರಿಸಿ, ಕಣ್ಣು ಅರೆಮುಚ್ಚಿ ಕೂತ ಇಲಿಗೆ ನೋವಿದೆ ಎಂದು ಮೊದಲು ಗೊತ್ತಾಗುವುದು ಅವರಿಗೆ, ಕಲಿಸಿದ್ದರೆ. ಬಾಲ ಹಿಡಿದು ಎತ್ತಿದ ಇಲಿಗಿಂತ ಕೊಳವೆಯಲ್ಲಿ ಅಥವಾ ಬೊಗಸೆಯಲ್ಲಿ ಎತ್ತಿದ ಇಲಿ ಕಡಿಮೆ ಹೆದರುತ್ತದೆ ಎಂದು 2010ರಲ್ಲೇ ಬ್ರಿಟನ್ನಿನ ಸಂಶೋಧಕರು ತೋರಿಸಿಕೊಟ್ಟರು. ಆ ಪ್ರಬಂಧ ಓದುವವರು ಒಬ್ಬರು, ಇಲಿ ಎತ್ತುವವರು ಇನ್ನೊಬ್ಬರು. ಇವರಿಬ್ಬರ ನಡುವಿನ ದಾರಿಯನ್ನು ಕಾರ್ಯಾಗಾರಗಳೇ ಹಾಕಬೇಕು.

ಸಂಘಗಳಿಗೆ ಮಿತಿಯೂ ಇದೆ. ಸದಸ್ಯರೆಲ್ಲ ಪ್ರಾಣಿಗಳನ್ನು ಬಳಸುವವರೇ, ಹಾಗಾಗಿ ತಮಗೆ ಅನುಕೂಲವಾದ ಅಂಕಿಯ ಕಡೆಗೆ ವಾಲುವ ಅಪಾಯ ನಿಜವಾದದ್ದು. ಹೊರಗಿನವರೂ ಕೂರುವ ನೈತಿಕ ಸಮಿತಿ ಅದಕ್ಕಾಗಿಯೇ ಬೇಕು. ಕನಿಷ್ಠ ಎಂದು ಬರೆದ ಅಳತೆಯನ್ನೇ ಎಲ್ಲರೂ ಗುರಿ ಮಾಡಿಕೊಳ್ಳುವುದು ಇನ್ನೊಂದು ತೊಂದರೆ. 96.7 ಎಂದರೆ 97ಕ್ಕೆ ನಿಲ್ಲುತ್ತಾರೆ.

ನಿಮಗೆ ಇದರಿಂದ ಆಗುವ ಉಪಯೋಗಕ್ಕೆ ಒಂದು ಲೆಕ್ಕ ಸಾಕು. 25 ಗ್ರಾಂ ಮೌಸ್‌ನಲ್ಲಿ ಇರುವ ರಕ್ತ ಸುಮಾರು 1.8 ಮಿ.ಲೀ. ಒಂದು ಸಲಕ್ಕೆ ಅದರ ಶೇ 10ಕ್ಕಿಂತ ಹೆಚ್ಚು ತೆಗೆಯಬಾರದು, ಅಂದರೆ 0.18 ಮಿ.ಲೀ., ಮತ್ತೆ ಅಷ್ಟೇ ತೆಗೆಯಲು ಎರಡು ವಾರ ಬಿಡಬೇಕು. ಫಾರ್ಮ್ ಬಿಯಲ್ಲಿ ವಾರಕ್ಕೆ 0.5 ಮಿ.ಲೀ. ಎಂದು ಬರೆದರೆ ನೀವು ಕಾಲುಭಾಗಕ್ಕೂ ಹೆಚ್ಚು ರಕ್ತ ಕೇಳಿದಂತೆ. ಸಮಿತಿ ವಾಪಸು ಕಳಿಸುತ್ತದೆ, ಕಳಿಸಲೇಬೇಕು. ಮೊದಲೇ ಮಾರ್ಗಸೂಚಿ ನೋಡಿದ್ದರೆ ಸಣ್ಣ ಸ್ಯಾಂಪಲ್ ಸಾಕಾಗುವ ಪರೀಕ್ಷಾ ಕಿಟ್ ಹುಡುಕುತ್ತಿದ್ದಿರಿ, ಅಥವಾ ದೊಡ್ಡ ಇಲಿಗೆ, ಅಂದರೆ ರ್‍ಯಾಟ್‌ಗೆ ಬದಲಿಸುತ್ತಿದ್ದಿರಿ. 250 ಗ್ರಾಂ ರ್‍ಯಾಟ್‌ನಿಂದ ಒಂದು ಸಲಕ್ಕೆ 1.6 ಮಿ.ಲೀ. ವರೆಗೆ ತೆಗೆಯಬಹುದು.

ಯಾವ ಸಂಘಕ್ಕಾದರೂ ಸದಸ್ಯತ್ವದ ಹಣ ಕಟ್ಟುವ ಮುನ್ನ ಇಷ್ಟನ್ನು ಕೇಳಿ: ಕೈಯಾರೆ ಪ್ರಾಣಿ ಹಿಡಿಯುವುದನ್ನು, ಅರಿವಳಿಕೆ ಕೊಡುವುದನ್ನು ಕಲಿಸುವ ಕಾರ್ಯಾಗಾರ ಇದೆಯೇ, ಮೊದಲು ಕೃತಕ ಮಾದರಿಗಳ ಮೇಲೆ ಅಭ್ಯಾಸ ಮಾಡಿಸುತ್ತಾರೆಯೇ, ಪತ್ರಿಕೆ ವಿದ್ಯಾರ್ಥಿ ಶುಲ್ಕಕ್ಕೇ ಸಿಗುತ್ತದೆಯೇ, ನಿಮ್ಮ ಅನಿಮಲ್ ಹೌಸಿನ ಅಟೆಂಡರ್‌ಗೂ ಸದಸ್ಯರಾಗಲು ಅವಕಾಶವಿದೆಯೇ. ಕೊನೆಯದಕ್ಕೆ ಹೌದು ಎನ್ನುವ ಸಂಘವಾದರೆ ಅವರನ್ನೂ ಕರೆದುಕೊಂಡು ಹೋಗಿ ಸೇರಿಸಿ.