17ನೇ ಶತಮಾನದ ಇಂಗ್ಲೆಂಡಿನಲ್ಲಿ ಬೈದವರ ಮೇಲೆ ಕೇಸ್ ಹಾಕಬಹುದಿತ್ತಾ?

ಹಾಕಬಹುದಿತ್ತು, ಆದರೆ ಎಲ್ಲ ಬೈಗುಳಕ್ಕೂ ಅಲ್ಲ. 'ಕಳ್ಳ' ಅಂದರೆ ಮಾಮೂಲಿ ಕೋರ್ಟಿನಲ್ಲೇ ಪರಿಹಾರ ಕೇಳಬಹುದಿತ್ತು. 'ನೀನು ದೊಡ್ಡ ಮನೆತನದವನೇ ಅಲ್ಲ' ಅಂದರೆ ಅಲ್ಲಿ ಕೇಸ್ ನಿಲ್ಲುತ್ತಿರಲಿಲ್ಲ. ಹಾಗಾಗಿ ಕೆಲವರು ಕತ್ತಿ ಹಿಡಿದು ದ್ವಂದ್ವಯುದ್ಧಕ್ಕೇ ಇಳಿಯುತ್ತಿದ್ದರು. ಇದರ ವಿರುದ್ಧ ದೊರೆ ಒಂದನೇ ಜೇಮ್ಸ್ 1614ರಲ್ಲಿ ಆಜ್ಞೆ ಹೊರಡಿಸಿದ.

1630ರ ದಶಕದಲ್ಲಿ ಇಂಥ ಮಾನದ ಜಗಳಗಳು 'ಕೋರ್ಟ್ ಆಫ್ ಶಿವಲ್ರಿ'ಗೆ, ಅಂದರೆ ಮನೆತನದ ಗೌರವ, ಲಾಂಛನಗಳ ವಿಷಯ ನೋಡುವ ಕೋರ್ಟಿಗೆ, ಜಾಸ್ತಿ ಬರತೊಡಗಿದವು. 1640ರಲ್ಲಿ ಸಂಸದ ಎಡ್ವರ್ಡ್ ಹೈಡ್ ಪಾರ್ಲಿಮೆಂಟಿನಲ್ಲಿ ಈ ಕೋರ್ಟಿನ ಮೇಲೆ ಹರಿಹಾಯ್ದ. ಅವನು ಹೇಳಿದ ಒಂದು ಪ್ರಸಂಗ ತಮಾಷೆಯಾಗಿದೆ. ದೋಣಿಯವನ ಜೊತೆ ಬಾಡಿಗೆಗಾಗಿ ಜಗಳವಾಡಿದ ಒಬ್ಬ, ಅವನ ಬಿಲ್ಲೆಯ ಮೇಲಿದ್ದ ಹಂಸವನ್ನು 'ಹೆಬ್ಬಾತು' ಅಂದನಂತೆ. ಆ ಹಂಸ ಒಬ್ಬ ಅರ್ಲ್‌ನ (ದೊಡ್ಡ ಶ್ರೀಮಂತ ಪದವಿಯವನ) ಮನೆತನದ ಲಾಂಛನ! ಪಾಪ, ದಂಡ, ಜೈಲು ಎರಡೂ ಆಯಿತು. ಆ ವರ್ಷದ ಕೊನೆಗೆ ಕೋರ್ಟಿನ ಕಲಾಪವೇ ನಿಂತಿತು.