ತೂಕ ಇಳಿಸಲು 16 ಗಂಟೆ ಉಪವಾಸ ಮೇಲೋ, ದಿನವೂ ಕಡಿಮೆ ತಿನ್ನುವುದು ಮೇಲೋ?

ಒಟ್ಟು ಕ್ಯಾಲೊರಿ ಒಂದೇ ಇದ್ದರೆ ಫಲವೂ ಹೆಚ್ಚುಕಡಿಮೆ ಒಂದೇ. ಚೀನಾದ ಗುವಾಂಗ್‌ಝೌನಲ್ಲಿ ಸ್ಥೂಲಕಾಯದ 139 ಮಂದಿಯನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಕ್ಯಾಲೊರಿ ಮಿತಿಯಿತ್ತು. ಒಂದು ಗುಂಪಿನವರು ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಊಟ ಮುಗಿಸಬೇಕಿತ್ತು. ಅವರ ತೂಕ ಸರಾಸರಿ 8 ಕಿಲೋ ಇಳಿಯಿತು, ಉಳಿದವರದು 6.3 ಕಿಲೋ. ಸಂಖ್ಯಾಶಾಸ್ತ್ರದ ಪ್ರಕಾರ ಇದು ಗಣನೀಯ ವ್ಯತ್ಯಾಸವಲ್ಲ.

ನಮ್ಮ ಚಿಕ್ಕಮಗಳೂರಿನ ಕಡೆ ಉಪವಾಸ ಕೆಡುವುದು ಕಾಫಿಯಿಂದ. ಬೆಳಗಿನ ಚಳಿಗೆ ಲೋಟ ತಾನಾಗಿ ಕೈಗೆ ಬರುತ್ತದೆ. ಹಾಲು, ಸಕ್ಕರೆ ಬಿದ್ದ ಮೇಲೆ ಅದು ಆಹಾರವೇ; ಬೆಲ್ಲದ ಕರಿ ಕಾಫಿಯೂ ಲೆಕ್ಕಕ್ಕೆ ಬರುತ್ತದೆ. ಏನೂ ಬೆರೆಸದ ಕರಿ ಕಾಫಿಗೆ ಅಡ್ಡಿಯಿಲ್ಲ. ಇನ್ನು, ಮಧ್ಯಾಹ್ನದವರೆಗೆ ಹಸಿದಿದ್ದು ಆಮೇಲೆ ಬೆಣ್ಣೆ ಸವರಿದ ಅಕ್ಕಿರೊಟ್ಟಿಯನ್ನು ಒಂದರ ಮೇಲೊಂದು ಬಾರಿಸಿದರೆ ಹಸಿವೆಯೆಲ್ಲ ದಂಡ. (ಏಕಾದಶಿಯಂದು ಅವಲಕ್ಕಿ, ಉಪ್ಪಿಟ್ಟು, ಹಣ್ಣೆಂದು ಮಾಮೂಲಿಗಿಂತ ಜಾಸ್ತಿ ತಿನ್ನುವ ಮನೆಗಳು ಕಡಿಮೆಯೇ?)

ತಟ್ಟೆ ಅಳೆಯಲು ಬೇಸರಪಡುವವರಿಗೆ ಗಡಿಯಾರ ನೋಡಿ ತಿನ್ನುವುದು ಸುಲಭ. ಆದರೆ ಬೆಳಿಗ್ಗೆಯೇ ತೋಟಕ್ಕಿಳಿದು ಮೈಬಗ್ಗಿಸಿ ದುಡಿಯುವವರು ತಿಂಡಿ ಬಿಡುವುದು ನನಗೆ ಸರಿಕಾಣುವುದಿಲ್ಲ. ಅವರು ರಾತ್ರಿಯೂಟ ಬೇಗ ಮುಗಿಸಲಿ, ಇಲ್ಲವೇ ಹೊತ್ತುಹೊತ್ತಿಗೆ ಒಂದೊಂದು ರೊಟ್ಟಿ ಕಡಿಮೆ ಮಾಡಲಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಗರ್ಭಿಣಿಯರಿಗಂತೂ ಉಪವಾಸ ಬೇಡವೇ ಬೇಡ.