ಶೆಡ್ಡಿನಲ್ಲಿರುವವರಿಗೆ ವಿಳಾಸ ಯಾವುದು?

ಪ್ರಶ್ನೆ: ನಾವು ಕಲಬುರಗಿ ಜಿಲ್ಲೆಯವರು. ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡಿಕೊಂಡು ಶೆಡ್ಡಿನಲ್ಲಿದ್ದೇವೆ. ಕೆಲಸ ಮುಗಿದರೆ ಶೆಡ್ಡೂ ಬದಲಾಗುತ್ತದೆ. ಊರಿನ ಮನೆಯಲ್ಲಿ ಅವ್ವ ಇದ್ದಾಳೆ. ಹಣ ಕೊಟ್ಟರೆ ಬಾಡಿಗೆ ಕರಾರು ಪತ್ರ ಮಾಡಿಸಿಕೊಡುವುದಾಗಿ ಒಬ್ಬರು ಹೇಳುತ್ತಿದ್ದಾರೆ. ಆಧಾರ್, ರೇಷನ್, ವೋಟಿಗೆ ಇಲ್ಲಿನ ವಿಳಾಸ ಮಾಡಿಸಬೇಕೇ?
— ಓದುಗರು, ಬೆಂಗಳೂರು

ಉತ್ತರ: ಆ ಕರಾರು ಪತ್ರವನ್ನು ದಯವಿಟ್ಟು ಮಾಡಿಸಬೇಡಿ. ವಾಸವಿಲ್ಲದ ಮನೆಯ ವಿಳಾಸ ಕೊಟ್ಟು ಮತದಾರರ ಪಟ್ಟಿಗೆ ಸೇರಿದರೆ 1950ರ ಜನಪ್ರತಿನಿಧಿ ಕಾಯ್ದೆಯ 31ನೇ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಅರ್ಜಿಯ ಮೇಲಿನ ಸಹಿ ನಿಮ್ಮದಾದ್ದರಿಂದ ಹೊಣೆಯೂ ನಿಮ್ಮದೇ.

ಆಧಾರ್‌ನಲ್ಲಿ ಊರಿನ ವಿಳಾಸವೇ ಇರಲಿ, ಅಂಚೆ ಬಂದರೆ ಅವ್ವನ ಕೈ ಸೇರುತ್ತದೆ. ಮೊಬೈಲ್ ನಂಬರು ಬದಲಾಗಿದ್ದರೆ ಮಾತ್ರ ಆಧಾರ್ ಕೇಂದ್ರಕ್ಕೆ ಹೋಗಿ ತಿದ್ದಿಸಿಕೊಳ್ಳಿ. ಅದಕ್ಕೆ ಯಾವ ದಾಖಲೆಯನ್ನೂ ಕೇಳುವುದಿಲ್ಲ. ಊರಿನ ಮನೆಯೂ ಇಲ್ಲದವರು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ ಶಾಸಕರಿಂದಲೋ ತಹಶೀಲ್ದಾರರಿಂದಲೋ ಪ್ರಮಾಣಪತ್ರ ಪಡೆಯಬಹುದು. ಸಹಿಯಾದ ದಿನದಿಂದ ಮೂರು ತಿಂಗಳೊಳಗೆ ಅದನ್ನು ಬಳಸಬೇಕು.

ರೇಷನ್ ಕಾರ್ಡನ್ನೂ ಬದಲಿಸಬೇಕಿಲ್ಲ. 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಹೆಬ್ಬೆಟ್ಟು ಕೊಟ್ಟು ಧಾನ್ಯ ಪಡೆಯಬಹುದು. ಸಿಮೆಂಟಿನ ಕೆಲಸದಿಂದ ಬೆರಳಿನ ಗೆರೆ ಸವೆದು ಯಂತ್ರ ಹಿಡಿಯದಿದ್ದರೆ ಅಂಗಡಿಯವರೊಡನೆ ಜಗಳಕ್ಕೆ ನಿಲ್ಲದೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿ.

ವೋಟಿನ ವಿಷಯವನ್ನು ಸ್ವಲ್ಪ ಯೋಚಿಸಿಯೇ ತೀರ್ಮಾನಿಸಬೇಕು. ಎರಡು ಕ್ಷೇತ್ರಗಳಲ್ಲಿ ಹೆಸರಿರುವಂತಿಲ್ಲ. ದುಡಿಮೆಗಾಗಿ ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಅಲ್ಲಿನ ವಾಸ ಕಳೆದುಹೋಗುವುದಿಲ್ಲವೆಂದು ಅದೇ ಕಾಯ್ದೆ ಹೇಳುವುದರಿಂದ, ಶೆಡ್ಡು ಬದಲಿಸುತ್ತಿರುವ ನಿಮಗೆ ಊರಿನ ಹೆಸರನ್ನು ಉಳಿಸಿಕೊಳ್ಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಆದರೆ ನಿಮ್ಮ ಜೊತೆಯಲ್ಲಿ ಊರೂ ಸೂರೂ ಇಲ್ಲದವರಿದ್ದರೆ ಅವರಿಗೆ ಇದನ್ನು ತಪ್ಪದೆ ತಿಳಿಸಿ: ಪಾದಚಾರಿ ಮಾರ್ಗದಲ್ಲಿ ಮಲಗುವವರೂ ತಾವು ಮಲಗುವ ಜಾಗವನ್ನೇ ವಿಳಾಸವಾಗಿ ನಮೂನೆ 6ರಲ್ಲಿ (ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ) ಬರೆಯಬಹುದು. ಚುನಾವಣಾ ಆಯೋಗದ ಸೂಚನೆಯಂತೆ ಮತಗಟ್ಟೆ ಮಟ್ಟದ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೇ ಬಂದು, ಅರ್ಜಿದಾರರು ಅಲ್ಲಿ ಮಲಗುವುದನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಬೇಕು. ಹಾಗೆ ಖಚಿತವಾದರೆ ವಾಸದ ದಾಖಲೆ ಬೇಕಿಲ್ಲ. ಮನೆ ನಂಬರಿಲ್ಲವೆಂದು ಅರ್ಜಿ ತಿರುಗಿಸಿದರೆ ಈ ಸೂಚನೆಯನ್ನು ತೋರಿಸಿ, ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳಲಿ.